ಎಡಗಾಲಿನ ವಿದ್ಯೆ

ಪುರಾಣಗಳಲ್ಲಿ ಸಾರಥಿಗಳಿಗೆ ಕೊರತೆಯಿಲ್ಲ. ಕೃಷ್ಣನು ಅರ್ಜುನನಿಗೆ ಸಾರಥಿಯಾದ. ಶಲ್ಯನು ಒಲ್ಲದ ಮನಸ್ಸಿನಿಂದ ಕರ್ಣನಿಗಾದ. ಅರ್ಜುನನೇ ಬೃಹನ್ನಳೆಯ ವೇಷದಲ್ಲಿ ಉತ್ತರಕುಮಾರನಿಗಾದ. ಆದರೆ ಇವರೆಲ್ಲ ರಥ ನಡೆಸಲು ಕಲಿತದ್ದು ಎಲ್ಲಿ, ಮೊದಲ ದಿನ ಕುದುರೆಗಳು ಎಷ್ಟು ಸಲ ನಿಂತಲ್ಲೇ ನಿಂತುಬಿಟ್ಟವು, ಪಕ್ಕದಲ್ಲಿ ಕುಳಿತು ಗದರಿದವರು ಯಾರು ಎಂಬ ಸಂಗತಿಗಳನ್ನು ಯಾವ ಕವಿಯೂ ಬರೆದಿಟ್ಟಂತೆ ಕಾಣೆ. ಕಲಿತ ಮೇಲಿನ ಸೊಬಗು ಕಾವ್ಯಕ್ಕೆ ಬೇಕು. ಕಲಿಯುವಾಗಿನ ಪಾಡು ಪ್ರಬಂಧಕ್ಕೆ ಸಾಕು. ಆದ್ದರಿಂದ ನಾನು ಮೋಟಾರುಕಾರು ನಡೆಸಲು ಕಲಿತ ವೃತ್ತಾಂತವನ್ನು ಈ ವಾರ್ಷಿಕ ಸಂಚಿಕೆಯ ವಾಚಕರೆದುರು ಇಡುತ್ತಿದ್ದೇನೆ. ಕಾರು ಎಂದರೆ ಗೇರು, ಕ್ಲಚ್ಚುಗಳಿರುವ ಹಳೆಯ ಕ್ರಮದ ಕಾರು. ಗುಂಡಿ ಒತ್ತಿದರೆ ತಾನೇ ಓಡುವ ಹೊಸ ಬಗೆಯದಲ್ಲ.

ಸಾರಥಿಗಳ ಪೈಕಿ ನನಗೆ ಹತ್ತಿರದವನೆಂದರೆ ಬಾಹುಕ. ನಮ್ಮ ಜಿಲ್ಲೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಅವನ ಕಥೆಯನ್ನು ಹೇಳಬೇಕಾಗಿಲ್ಲ. ರಾಜ್ಯ ಕಳೆದುಕೊಂಡ ನಳ, ರೂಪು ಕೆಟ್ಟು, ಹೆಸರು ಬದಲಿಸಿಕೊಂಡು, ಋತುಪರ್ಣನ ಮನೆಯಲ್ಲಿ ಸಾರಥಿಯಾಗಿ ನಿಂತ. ಕುದುರೆಯ ಮನಸ್ಸು ಬಲ್ಲವನು ಅವನು. ರಥದಲ್ಲಿ ಬೆನ್ನು ಆನಿಸಿ ಕುಳಿತವನು ಇನ್ನೊಬ್ಬ. ರಂಗಸ್ಥಳಕ್ಕೆ ಬಾಹುಕನ ವೇಷ ಬಂದೊಡನೆ ಜನ ನಗುತ್ತಾರೆ. ನನ್ನ ಅಜ್ಜಿ ಮಾತ್ರ ನಗುವುದಿಲ್ಲ. ಅವಳ ಮಗ, ಎಂದರೆ ನನ್ನ ಸೋದರಮಾವ, ಮಸ್ಕತ್ತಿನಲ್ಲಿ ಅದೇ ಕೆಲಸದಲ್ಲಿದ್ದಾರೆ.

ಮಾವ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಲಾರಿಯ ಕ್ಲೀನರ್ ಆದವರು. ಆಮೇಲೆ ಅದೇ ಲಾರಿಗೆ ಡ್ರೈವರ್ ಆದರು. ಬಳ್ಳಾರಿ, ಹೊಸಪೇಟೆಗಳ ಕಡೆಯಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಬೇಲೆಕೇರಿ ಬಂದರಿಗೆ ಹಗಲಿರುಳೆನ್ನದೆ ಬರುತ್ತಿದ್ದ ಕಾಲ ಅದು. ರಸ್ತೆಯಂಚಿನ ಮರದ ಎಲೆ, ಅಂಗಡಿಯ ಬಾಳೆಗೊನೆ, ಒಣಗಲು ಹಾಕಿದ ಬಟ್ಟೆ, ಎಲ್ಲಕ್ಕೂ ಕೆಂಪು ಧೂಳು ಕೂತಿರುತ್ತಿತ್ತಂತೆ. 2010ರಲ್ಲಿ ಅದಿರಿನ ಅಕ್ರಮ ಹೊರಬಿದ್ದು, ಬಂದರುಗಳಿಂದ ಅದರ ರಫ್ತನ್ನು ರಾಜ್ಯ ಸರಕಾರ ನಿಷೇಧಿಸಿತು. ನ್ಯಾಯಾನ್ಯಾಯದ ವಿಚಾರಣೆ ನ್ಯಾಯಾಲಯಗಳಿಗೆ ಸೇರಿದ್ದು. ನಮ್ಮ ಮನೆಯಲ್ಲಿ ಅದರ ನೆನಪು ಒಂದೇ: ಲಾರಿಗಳು ಸಾಲಾಗಿ ನಿಂತವು, ಮರುವರ್ಷ ಮಾವ ವಿಮಾನ ಹತ್ತಿದರು.

ಮಸ್ಕತ್ತಿನಲ್ಲಿ ಅವರದು ಮನೆಯ ಚಾಲಕನ ಕೆಲಸ. ಬೆಳಿಗ್ಗೆ ಯಜಮಾನರ ಮಕ್ಕಳನ್ನು ಶಾಲೆಗೆ ಬಿಡುವುದು, ಯಜಮಾನಿಯನ್ನು ಪೇಟೆಗೆ ಒಯ್ಯುವುದು, ಆ ಮನೆಯ ಮುದುಕಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈಹಿಡಿದು ಇಳಿಸುವುದು. ಅಲ್ಲಿ ಲೈಸೆನ್ಸ್ ಪಡೆಯಲು ಅವರು ಮೊದಲಿನಿಂದ ಪರೀಕ್ಷೆಗೆ ಕೂಡಬೇಕಾಯಿತು. ಎಣ್ಣೆಯ ಪೀಪಾಯಿಗಳನ್ನು ನಿಲ್ಲಿಸಿ ಅವುಗಳ ನಡುವೆ ವಾಹನವನ್ನು ಹಿಂದಕ್ಕೆ ನಡೆಸಿ ನಿಲ್ಲಿಸುವುದು ಒಂದು ಪರೀಕ್ಷೆ. ದಿಬ್ಬದ ಮೇಲೆ ನಿಲ್ಲಿಸಿ ಹಿಂದೆ ಜಾರದಂತೆ ಹೊರಡಿಸುವುದು ಇನ್ನೊಂದು. ಕೊನೆಗೆ ರಸ್ತೆಯ ಪರೀಕ್ಷೆ. ಹದಿನಾರು ಟನ್ನು ಹೊತ್ತು ಅರಬೈಲ್ ಇಳಿದವರು ನಾಲ್ಕು ಖಾಲಿ ಪೀಪಾಯಿಗಳ ಮುಂದೆ ಬೆವರಿದರಂತೆ. ತೇರ್ಗಡೆಯಾದದ್ದು ನಾಲ್ಕನೆಯ ಸಲ.

ಒಮ್ಮೆ ರಜೆಗೆ ಬಂದಾಗ ಮಾವ ಹಳೆಯದೊಂದು ಆಲ್ಟೊ ಕಾರು ಕೊಂಡರು. ಎರಡು ವರ್ಷಕ್ಕೊಮ್ಮೆ ಅವರ ರಜೆ, ಎರಡು ತಿಂಗಳು. ಹೀಗಾಗಿ ಕಾರಿಗೂ ಎರಡು ವರ್ಷಕ್ಕೆ ಎರಡು ತಿಂಗಳಷ್ಟೇ ಜೀವ. ಉಳಿದ ಕಾಲವೆಲ್ಲ ಅದು ಅಂಕೋಲೆಯ ಮನೆಯ ಪಕ್ಕದ ಮಾಡಿನ ಕೆಳಗೆ ತಾಡಪತ್ರಿ ಹೊದ್ದು ಮಲಗಿರುತ್ತಿತ್ತು. ಬ್ಯಾಟರಿ ಸಾಯದಿರಲೆಂದು ಕೇರಿಯ ಹುಡುಗನೊಬ್ಬ ವಾರಕ್ಕೊಮ್ಮೆ ಬಂದು ಎಂಜಿನ್ ಗುರುಗುಟ್ಟಿಸಿ ಹೋಗುವನು. ಕಾರಿನಡಿಯಲ್ಲಿ ಕೋಳಿ ಮೊಟ್ಟೆಯಿಡುವುದು. ಆಯುಧಪೂಜೆಯ ದಿನ ಅತ್ತೆ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕೈಮುಗಿದು, ಮರುದಿನ ಮತ್ತೆ ಹೊದಿಸುವರು.

ನಾನು ಆ ಮನೆಯಲ್ಲಿ ಇರುವುದಕ್ಕೆ ಕಾರಣ ಕಾಲೇಜು. ನಮ್ಮದು ಅಂಕೋಲೆಯಿಂದ ಒಳಗೆ, ದಿನಕ್ಕೆ ಎರಡು ಬಸ್ಸು ಬರುವ ಊರು. ಅಪ್ಪ ನಾಲ್ಕನೆಯ ಇಯತ್ತೆ, ಆಯಿ ಅದೂ ಇಲ್ಲ. ನಮ್ಮ ಎರಡೂ ಕಡೆಯ ಬಳಗದಲ್ಲಿ ಪದವಿ ಪರೀಕ್ಷೆಗೆ ಕೂಡುವವಳು ನಾನೇ ಮೊದಲು. ಆದ್ದರಿಂದ ಪಿಯುಸಿಯ ಕಾಲದಿಂದ ಅಜ್ಜಿ, ಅತ್ತೆಯರ ಜೊತೆಗೆ ಇದ್ದೇನೆ. ಅಂಕೋಲೆಯಿಂದ ಕಾರವಾರಕ್ಕೆ ನಿತ್ಯ ಬಸ್ಸಿನಲ್ಲಿ ಬಂದುಹೋಗುತ್ತೇನೆ. ನನ್ನ ಫೀಸು ಮಸ್ಕತ್ತಿನಿಂದ ಬರುತ್ತದೆ.

2024ರ ಜೂನ್ ತಿಂಗಳ ಒಂದು ರಾತ್ರಿ ಅಜ್ಜಿಗೆ ಉಸಿರು ಹತ್ತಿಕೊಂಡಿತು. ಹೊರಗೆ ಕೈ ಚಾಚಿದರೆ ಬೆರಳು ಕಾಣದಂಥ ಮಳೆ. ಎಂಜಿನ್ ಗುರುಗುಟ್ಟಿಸುವ ಹುಡುಗ ಮದುವೆಯ ಮನೆಗೆ ಹೋಗಿದ್ದ. ಅತ್ತೆ ಕೊಡೆ ಹಿಡಿದು ಮೂರು ಮನೆಗಳ ಬಾಗಿಲು ತಟ್ಟಿದ ಮೇಲೆ ಒಂದು ಆಟೊ ದೊರಕಿತು. ಊರಿನ ಆಸ್ಪತ್ರೆಯಲ್ಲಿ ಕಾರವಾರಕ್ಕೆ ಒಯ್ಯಲು ಹೇಳಿದರು. ಮೂವತ್ತೈದು ಕಿಲೋಮೀಟರು ದಾರಿ, ಎರಡೂ ಬದಿಗೆ ಪಟಪಟನೆ ಬಡಿಯುವ ಪ್ಲಾಸ್ಟಿಕ್ ಪರದೆ, ನಡುವೆ ಅಜ್ಜಿಯನ್ನು ಅಪ್ಪಿಹಿಡಿದ ಅತ್ತೆ ಮತ್ತು ನಾನು. ಆರ್ಗಾ ಹತ್ತಿರದ ಏರಿನಲ್ಲಿ ಆಟೊ ಏದುಸಿರು ಬಿಟ್ಟಿತು, ಅಜ್ಜಿಯೂ ಬಿಟ್ಟಳು. ಯಾರು ಮೊದಲು ನಿಲ್ಲುವರೆಂದು ನಾನು ಕಿವಿಗೊಟ್ಟು ಕೇಳುತ್ತಿದ್ದೆ.

ಅಜ್ಜಿ ಉಳಿದಳು. ಬೆಳಗಿನ ಜಾವ ಆಸ್ಪತ್ರೆಯ ಜಗುಲಿಯಿಂದ ಅತ್ತೆ ಮಾವನಿಗೆ ಫೋನು ಮಾಡಿದರು. ಎಲ್ಲವನ್ನೂ ಕೇಳಿಕೊಂಡು ಮಾವ ಒಂದೇ ಪ್ರಶ್ನೆ ಕೇಳಿದರಂತೆ: "ಆಟೊಕ್ಕೆ ಪರದೆ ಇತ್ತಾ?" ಹಾಗೆ ಕೇಳಿ ಸುಮ್ಮನಾದರು. ಆ ಹೊತ್ತಿಗೆ ಅವರು ಯಜಮಾನರ ಮನೆಯ ಮುದುಕಿಯನ್ನು ಕರೆದೊಯ್ಯಲು ಕಾರಿನ ಗಾಜು ಒರೆಸುತ್ತಿದ್ದರೆಂದು ಮುಂದೆ ಎಷ್ಟೋ ದಿನಗಳ ಮೇಲೆ ತಿಳಿಯಿತು.

ಕಾರು ಕಲಿಯುತ್ತೇನೆಂದು ನಾನು ಹೇಳಿದಾಗ ಒಪ್ಪದವರು ಮಾವನೇ. ಅವರ ವಾದ ಸರಳವಾಗಿತ್ತು. "ಓದು ತಲೆಗೆ ಹತ್ತದವ್ರು ಕಲಿಯೂ ವಿದ್ಯೆ ಇದು, ತಂಗಿ. ನಿಂಗೆ ಎಂತಕ್ಕೆ? ನೀ ಹಿಂದಿನ ಸೀಟಲ್ಲಿ ಕೂತ್ಕಳುಹಂಗೆ ಆಗ್ಬೇಕು ಹೇಳೇ ನಾ ಇಲ್ಲಿ ಮುಂದಿನ ಸೀಟಲ್ಲಿ ಕೂತದ್ದು." ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ಣವಾದ ಉತ್ತರವಿಲ್ಲ. ಚಾಲಕನ ವೃತ್ತಿಗೂ ಚಾಲನೆಯ ವಿದ್ಯೆಗೂ ವ್ಯತ್ಯಾಸವುಂಟೆಂದು ತರ್ಕಶಾಸ್ತ್ರದ ಧಾಟಿಯಲ್ಲಿ ಏನೋ ಹೇಳಹೊರಟೆ. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, "ಮಾಡಿನ ಅಡಿಗೆ ಕಾರು ಅದೆ. ಮನೆಯಲ್ಲಿ ಅಜ್ಜಿ ಅದೆ. ಮಸ್ಕತ್ತಿಂದ ನೀವು ಬರೂಕೆ ಆಗೂದಿಲ್ಲ" ಎಂದರು. ತರ್ಕವೆಂದರೆ ಅದು.

ನಡುವೆ ಒಂದು ವರ್ಷ ಕಳೆಯಿತು. ಅದಕ್ಕೆ ಕಾರಣ ನಮ್ಮ ಹೆದ್ದಾರಿ. ಆ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆಯ ಬದಿಯ ಚಹದಂಗಡಿಯನ್ನೂ ಅಲ್ಲಿ ನಿಂತಿದ್ದವರನ್ನೂ ಗಂಗಾವಳಿಗೆ ನೂಕಿತು. ಕೇರಳದ ಲಾರಿಯೊಂದು ಚಾಲಕನ ದೇಹದ ಸಮೇತ ನದಿಯಿಂದ ಮೇಲೆ ಬಂದದ್ದು ಎಪ್ಪತ್ತು ದಿನಗಳ ಮೇಲೆ, ಸೆಪ್ಟೆಂಬರಿನಲ್ಲಿ. ಇದರ ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಅದರೊಡನೆ ಬಿದ್ದ ಲಾರಿಯ ಚಾಲಕ ಬದುಕಿದ. ಆ ಮಳೆಗಾಲ ನಮ್ಮ ಮನೆಯಲ್ಲಿ ಯಾರೂ ಕಾರಿನ ಮಾತೆತ್ತಲಿಲ್ಲ. ಚಾಲಕರ ಮನೆಯವರು ಇಂಥ ಸುದ್ದಿಗಳನ್ನು ಓದುವ ಬಗೆಯೇ ಬೇರೆ. ಅತ್ತೆ ಮೊದಲು ಲಾರಿಯವನ ಊರು ಯಾವುದು, ಮಕ್ಕಳೆಷ್ಟು ಎಂದು ಹುಡುಕುತ್ತಿದ್ದರು.

2025ರ ಬೇಸಗೆಯ ರಜೆಯಲ್ಲಿ ಕಲಿಕೆ ಮೊದಲಾಯಿತು. ನನಗೆ ಇಬ್ಬರು ಗುರುಗಳು. ಒಬ್ಬರು ಮಾವ, ಶುಕ್ರವಾರ ಅವರಿಗೆ ಬಿಡುವು, ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಪಾಠ ನಮ್ಮ ಊಟದ ಹೊತ್ತಿಗೆ ಆಗುತ್ತಿತ್ತು. ನಾನು ನಿಂತ ಕಾರಿನಲ್ಲಿ ಕೂರುವುದು, ಅತ್ತೆ ಫೋನನ್ನು ಕನ್ನಡಿಯಂತೆ ಹಿಡಿಯುವುದು, ಮಾವ ಅಲ್ಲಿಂದ ಆಜ್ಞಾಪಿಸುವುದು. ಎರಡನೆಯ ಗುರು ಪಕ್ಕದ ಕೇರಿಯ ಅಜ್ಜ. ಅಂಕೋಲೆಯಿಂದ ಹುಬ್ಬಳ್ಳಿಗೆ ಮೂವತ್ತು ವರ್ಷ ಕೆಂಪು ಬಸ್ಸು ನಡೆಸಿ ನಿವೃತ್ತರಾದವರು. ಕೇರಿಯ ಮಕ್ಕಳು ಅವರನ್ನು ಬಸ್ಸಜ್ಜ ಎನ್ನುತ್ತಾರೆ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಉಳ್ಳವರು ಕೂತಿರಬೇಕು, ಕಾರಿಗೆ ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು ಎಂಬುದು ನಿಯಮ. ಎರಡನ್ನೂ ಪಾಲಿಸಿದೆವು.

ಮಾವನ ಮೊದಲ ಪಾಠವೇ ತಲೆಕೆಳಗಾಯಿತು. "ಕ್ಲಚ್ ಪೂರಾ ಒತ್ತು. ಗೇರಿನ ಕಡ್ಡಿ ನಿನ್ನ ಕಡೆಗೆ ಎಳ್ಕಂಡು ಮುಂದೆ ತಳ್ಳು. ಅದೇ ಫಸ್ಟ್." ಅವರು ಹೇಳಿದ ಹಾಗೆಯೇ ಮಾಡಿದೆ. ಕ್ಲಚ್ ಬಿಟ್ಟೊಡನೆ ಕಾರು ಒಮ್ಮೆ ಮೈಕೊಡವಿ ತಣ್ಣಗಾಯಿತು. ಮತ್ತೆ ಮಾಡಿದೆ, ಮತ್ತೆ ಅದೇ. ಮೂರನೆಯ ಸಲ ಬಸ್ಸಜ್ಜ ಕಿಟಕಿಯಿಂದ ಇಣುಕಿ, "ಐದನೇ ಗೇರಲ್ಲಿ ಹೊರಟ್ರೆ ದೇವ್ರ ತೇರೂ ಹೊರಡೂದಿಲ್ಲ" ಎಂದು ನಕ್ಕರು.

ವಿಷಯ ಇಷ್ಟೆ. ಒಮಾನಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಸ್ಟಿಯರಿಂಗು ಎಡಬದಿಗೆ ಇರುತ್ತದೆ. ಗೇರು ಬಲಗೈಗೆ ಸೇರಿದ್ದು. ನಮ್ಮಲ್ಲಿ ಎಲ್ಲ ತಿರುಗುಮುರುಗು, ಗೇರು ಎಡಗೈಗೆ. ಆದರೆ ಗೇರುಗಳ ನಕ್ಷೆ ಎರಡೂ ಕಡೆ ಒಂದೇ. ಒಂದನೆಯದು ಎಡತುದಿಗೆ, ಐದನೆಯದು ಬಲತುದಿಗೆ. ಆದ್ದರಿಂದ ಅಲ್ಲಿ ಚಾಲಕನ ಮಗ್ಗುಲಿಗಿರುವ ಒಂದನೆಯ ಗೇರು ಇಲ್ಲಿ ಅವನಿಂದ ದೂರ. ಇಲ್ಲಿ ಮಗ್ಗುಲಿಗೆ ಬರುವುದು ಐದನೆಯದು. ಮಾವ ಯಜಮಾನರ ಖರ್ಜೂರದ ತೋಟದ ಹಳೆಯ ಪಿಕಪ್ ಗಾಡಿಯನ್ನು ನೆನೆದುಕೊಂಡು ಹೇಳುತ್ತಿದ್ದರು. ಹದಿನಾಲ್ಕು ವರ್ಷಗಳಲ್ಲಿ ಅವರ ಕೈಗೆ ನಮ್ಮೂರು ಮರೆತುಹೋಗಿತ್ತು. ಬಸ್ಸಜ್ಜ ಇದನ್ನು ವಿವರಿಸಿದಾಗ ಫೋನಿನಲ್ಲಿ ಮಾವನ ಮುಖ ಕ್ಷಣಕಾಲ ಸಣ್ಣದಾಯಿತು. ಆಮೇಲೆ ಅವರು ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು.

ಪೆಡಲುಗಳು ಮಾತ್ರ ಎರಡು ದೇಶಗಳಲ್ಲೂ ಒಂದೇ ಸಾಲಿನಲ್ಲಿವೆ. ಎಡಕ್ಕೆ ಕ್ಲಚ್, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರ್. ಹೀಗಾಗಿ ಮುಂದೆ ಮಾವ ಕಾಲಿನ ಪಾಠವನ್ನೂ ಬಸ್ಸಜ್ಜ ಕೈಯ ಪಾಠವನ್ನೂ ಹಂಚಿಕೊಂಡರು.

ಕ್ಲಚ್ಚಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಾವು ಕಲಾವಿಭಾಗದವರು ಯಂತ್ರವೆಂದರೆ ಮುಖ ತಿರುಗಿಸುವುದುಂಟು. ಆದರೆ ಇದರಲ್ಲಿ ಸ್ವಾರಸ್ಯವಿದೆ. ಎಂಜಿನ್ನು ಒಮ್ಮೆ ಹೊತ್ತಿಕೊಂಡಿತೆಂದರೆ ತಿರುಗುತ್ತಲೇ ಇರಬೇಕು; ನಿಂತರೆ ಸತ್ತಂತೆ. ಗಾಲಿಗಳಾದರೋ ನಿಂತಿವೆ. ತಿರುಗುವುದನ್ನು ನಿಂತಿರುವುದಕ್ಕೆ ಒಮ್ಮೆಲೇ ಗಂಟುಹಾಕಿದರೆ ನಿಂತದ್ದೇ ಗೆಲ್ಲುತ್ತದೆ. ಅದಕ್ಕಾಗಿ ಎಂಜಿನ್ನಿನ ಕಡೆಗೊಂದು ಭಾರದ ಚಕ್ರ, ಗೇರಿನ ಕಡೆಗೊಂದು ಒರಟು ತಟ್ಟೆ. ಸ್ಪ್ರಿಂಗು ಇವೆರಡನ್ನೂ ಒತ್ತಿಹಿಡಿದಿರುತ್ತದೆ. ಎಡಗಾಲು ಪೆಡಲನ್ನು ಒತ್ತಿದಾಗ ಅವು ಅಗಲುತ್ತವೆ, ಮೆಲ್ಲಗೆ ಬಿಟ್ಟಾಗ ಮೊದಲು ಉಜ್ಜಿಕೊಂಡು, ಜಾರಿಕೊಂಡು, ಆಮೇಲೆ ಒಂದಾಗಿ ತಿರುಗುತ್ತವೆ. ಆ ಜಾರುವ ಎಡೆಯೇ ಹಾಫ್ ಕ್ಲಚ್. ಅದು ಎಲ್ಲಿದೆಯೆಂದು ಪುಸ್ತಕ ಹೇಳಲಾರದು, ಪಕ್ಕದವರೂ ಹೇಳಲಾರರು. ಒಂದೊಂದು ಕಾರಿಗೆ ಒಂದೊಂದು ಎತ್ತರದಲ್ಲಿರುತ್ತದೆ. ಎಂಜಿನ್ನಿನ ದನಿ ತುಸು ಇಳಿಯುತ್ತದೆ, ಕಾರಿನ ಮೂತಿ ತುಸು ಏಳುತ್ತದೆ. ಪಾದ ಅಲ್ಲಿ ಉಸಿರು ಹಿಡಿದು ನಿಲ್ಲಬೇಕು.

ಜೈಹಿಂದ್ ಮೈದಾನದಲ್ಲಿ ಬಸ್ಸಜ್ಜ ಎರಡು ಬೆಳಗು ನನಗೆ ಆಕ್ಸಿಲರೇಟರನ್ನೇ ಮುಟ್ಟಗೊಡಲಿಲ್ಲ. ಬರೀ ಎಡಗಾಲು. ಹತ್ತು ಮಾರು ಮುಂದೆ, ನಿಲ್ಲಿಸು. ಮತ್ತೆ ಹತ್ತು ಮಾರು. ಎಂಜಿನ್ನು ನಿಂತಾಗ ಗದರುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ ಎಲೆಯಡಿಕೆ ಮೆಲ್ಲುತ್ತಿದ್ದರು. ಅವರ ಕಾಲದ ಬಸ್ಸುಗಳಲ್ಲಿ ಗೇರು ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ಒತ್ತಬೇಕಿತ್ತಂತೆ. ದನಿ ಕೇಳಿ ವೇಗ ಹೊಂದಿಸದಿದ್ದರೆ ಹಲ್ಲುಗಳು ಕಿರುಚುತ್ತಿದ್ದುವಂತೆ. "ಕಣ್ಣು ರಸ್ತೆಗೆ, ಕಿವಿ ಎಂಜಿನ್ನಿಗೆ" ಎನ್ನುವರು. ನಾನು ಒಮ್ಮೆ, "ಅಜ್ಜ, ನೀವು ಬಸ್ಸಲ್ಲಿ ಪ್ರಯಾಣ ಮಾಡುವಾಗ ನಿದ್ದೆ ಮಾಡ್ತಿರಾ?" ಎಂದು ಕೇಳಿದೆ. "ಎಲ್ಲಿ ಬರ್ತದೆ! ಡ್ರೈವರ್ ಆದವ್ನಿಗೆ ಇನ್ನೊಬ್ಬನ ಗಾಡಿಯಲ್ಲಿ ನಿದ್ದೆ ಬರೂದಿಲ್ಲ. ಕಾಲು ಬಿಡೂದಿಲ್ಲ" ಎಂದರು.

ಮೈದಾನದ ಗೋಡೆಯ ಮೇಲೆ ಪ್ರೇಕ್ಷಕರ ಕೊರತೆ ಇರಲಿಲ್ಲ. ಹುಡುಗಿ ಕಾರು ಕಲಿಯುವುದು ನೋಡತಕ್ಕ ವಸ್ತುವೆಂದು ನಮ್ಮೂರ ಕೆಲವರು ಇನ್ನೂ ನಂಬಿದ್ದಾರೆ. ವಿಮಾನವನ್ನು ಹೆಂಗಸರು ನಡೆಸುವ ಕಾಲದಲ್ಲಿ ಆಲ್ಟೊವಿಗೆ ಇಷ್ಟು ಗೌರವ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ನಾಲ್ಕನೆಯ ದಿನ ಅವರಿಗೇ ಬೇಸರವಾಗಿ ಕ್ರಿಕೆಟ್ಟಿಗೆ ಮರಳಿದರು.

ಹೆದ್ದಾರಿಗೆ ಬಂದದ್ದು ಮೂರನೆಯ ವಾರ. ಅಂಕೋಲೆಯ ರಸ್ತೆಗಳನ್ನು ಹಗುರವಾಗಿ ಎಣಿಸಬಾರದು. ಪಂಜಾಬಿನ ಸಂಗ್ರೂರಿನಿಂದ ಹೊರಟ 52ನೆಯ ರಾಷ್ಟ್ರೀಯ ಹೆದ್ದಾರಿ ಬಂದು ಮುಗಿಯುವುದು ನಮ್ಮಲ್ಲಿ; ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವ 66ನೆಯದು ಅದನ್ನು ಎದುರುಗೊಳ್ಳುವುದು ನಮ್ಮಲ್ಲಿ. ಬಸ್ಸಿನ ಕಿಟಕಿಯಿಂದ ನಿತ್ಯ ನೋಡಿದ ದಾರಿ ಸ್ಟಿಯರಿಂಗಿನ ಹಿಂದಿನಿಂದ ಬೇರೆಯೇ ಆಗಿ ಕಂಡಿತು. ಅವರ್ಸಾ, ಹಾರವಾಡ, ಅಮದಳ್ಳಿ, ತೋಡೂರು, ಇವೆಲ್ಲ ಈವರೆಗೆ ನನ್ನ ಪಾಲಿಗೆ ಬಸ್ಸು ನಿಲ್ಲುವ ಜಾಗಗಳಾಗಿದ್ದವು. ಈಗ ಒಂದು ತಿರುವು, ಒಂದು ಇಳಿಜಾರು, ದನ ಅಡ್ಡಬರುವ ಒಂದು ಎಡೆಯಾದವು. ಆರ್ಗಾದಲ್ಲಿ ನೌಕಾನೆಲೆಯ ಉದ್ದನೆಯ ಗೋಡೆ. ಅದರಾಚೆಯ ಊರುಗಳವರು ಮನೆ, ತೆಂಗು, ಸಮುದ್ರಗಳನ್ನು ಬಿಟ್ಟುಕೊಟ್ಟು ಬೇರೆಡೆ ನೆಲೆಸಿದ್ದಾರೆ. ಬಿಣಗಾ ದಾಟಿ ಸುರಂಗ ಹೊಕ್ಕರೆ ಕಾರವಾರ.

ಜೂನ್ ಬರುವುದರೊಳಗೆ ಕಾರವಾರದ ಸಾರಿಗೆ ಕಚೇರಿಯ ಪರೀಕ್ಷೆ ಮುಗಿಯಿತು. ನಮ್ಮಲ್ಲಿ ಪೀಪಾಯಿಗಳಿಲ್ಲ, ಎಂಟರ ಆಕಾರದಲ್ಲಿ ನಡೆಸಬೇಕು, ಇಂಗ್ಲಿಷಿನ 'ಎಚ್' ಆಕಾರದಲ್ಲಿ ಹಿಂದಕ್ಕೆ ಬರಬೇಕು. ತೇರ್ಗಡೆಯಾದೆನೆಂದು ತಿಳಿಸಿದಾಗ ಮಾವ, "ಒಂದೇ ಸಲಕ್ಕಾ?" ಎಂದು ಎರಡು ಬಾರಿ ಕೇಳಿದರು.

ಅಜ್ಜಿಯನ್ನು ಈಗ ತಿಂಗಳಿಗೊಮ್ಮೆ ಕಾರವಾರಕ್ಕೆ ತೋರಿಸಲು ನಾನೇ ಒಯ್ಯುತ್ತೇನೆ. ದೊಡ್ಡ ಕಾಯಿಲೆಗೆ ಮಂಗಳೂರೋ, ಮಣಿಪಾಲವೋ, ಹುಬ್ಬಳ್ಳಿಯೋ, ಗೋವೆಯೋ ಎಂದು ಹೊರಡಬೇಕಾದ ಜಿಲ್ಲೆ ನಮ್ಮದು; ಇಲ್ಲಿ ವೈದ್ಯರಷ್ಟೇ ಚಾಲಕನೂ ಬೇಕು. ಅಜ್ಜಿ ಮುಂದಿನ ಸೀಟಿನಲ್ಲಿ, ಬೆಲ್ಟನ್ನು ಜನಿವಾರದಂತೆ ಹಿಡಿದುಕೊಂಡು, ನನ್ನ ಕಾಲುಗಳನ್ನೇ ನೋಡುತ್ತ ಕೂರುತ್ತಾಳೆ. "ಅವ್ನೂ ಹೀಂಗೇ ಒತ್ತೂದಾ?" ಎಂದು ಒಂದು ದಿನ ಕೇಳಿದ್ದಳು. ಹೌದು ಎಂದೆ. ಮಗ ಮಾಡುವ ಕೆಲಸವನ್ನು ಅವಳು ಹತ್ತಿರದಿಂದ ನೋಡಿರಲಿಲ್ಲ; ಅವನ ಕಾರಿನಲ್ಲಿ ಕೂತಾಗಲೆಲ್ಲ ಅವನ ಮುಖವನ್ನೇ ನೋಡಿದ್ದಳು.

ಕಳೆದ ಡಿಸೆಂಬರಿನಲ್ಲಿ ಮಾವ ರಜೆಗೆ ಬಂದರು. ಮುಂಬಯಿಯ ಮೇಲಿಂದ ಗೋವೆಯ ದಾಬೋಳಿಗೆ. ಅತ್ತೆ ಮತ್ತು ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಟೆವು. ಕಾಳಿ ನದಿಯ ಮೇಲೆ ಉಳಿದಿರುವ ಹೊಸ ಸೇತುವೆಯನ್ನು ದಾಟುವಾಗ ಇನ್ನೂ ಕತ್ತಲು. ಇದೇ ನದಿಯಲ್ಲಿ ರವೀಂದ್ರನಾಥರು 1880ರ ದಶಕದಲ್ಲಿ ಬೆಳದಿಂಗಳಿನ ದೋಣಿವಿಹಾರ ಮಾಡಿದರೆಂದು ಕಾರವಾರದ ಭಾಷಣಕಾರರು ನೆನೆಯದ ಸಭೆಯಿಲ್ಲ. ನನಗೆ ಆಗ ನದಿ ನೋಡಲು ಪುರಸೊತ್ತಿರಲಿಲ್ಲ. ಎದುರಿನ ಲಾರಿಗಳ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಪೋಳೆಯ ಗಡಿ ದಾಟಿದಾಗ, "1961ರ ತನಕ ಇದೇ ಪರದೇಶವಾಗಿತ್ತಂತೆ ಅತ್ತೆ" ಎಂದೆ. "ಹಂಗೇ ಇರ್ಬೇಕಾಗಿತ್ತು. ಇಲ್ಲೇ ನೌಕರಿ ಮಾಡ್ತಿದ್ರು" ಎಂದರು ಅತ್ತೆ.

ಮಾವ ಪೆಟ್ಟಿಗೆಗಳನ್ನು ಹಿಂದೆ ಇಟ್ಟು, ಕೀಲಿಗಾಗಿ ಕೈ ಚಾಚಿದರು. ಕೊಟ್ಟೆ. ಅವರು ಕಾರನ್ನು ಒಂದು ಸುತ್ತು ಬಂದು ಎಡಬದಿಯ ಮುಂಬಾಗಿಲು ತೆರೆದು ಕುಳಿತರು. ಅಲ್ಲಿ ಸ್ಟಿಯರಿಂಗ್ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವ ಸ್ವಲ್ಪ ಹೊತ್ತು ಎದುರಿನ ಗಾಜನ್ನು ನೋಡಿದರು, ಆಮೇಲೆ ಕೀಲಿಯನ್ನು ನನ್ನ ಕಡೆಗೆ ಚಾಚಿ, "ಇರ್ಲಿ. ನೀನೇ ಹೊಡಿ" ಎಂದರು.

ಮಡಗಾಂವಿನ ವರೆಗೆ ಅವರು ಮಾತಾಡಲಿಲ್ಲ. ನಾನು ಗೇರು ಬದಲಿಸಿದಾಗಲೆಲ್ಲ ಅವರ ಎಡಗಾಲು ತಾನಾಗಿ ನೆಲವನ್ನು ಒತ್ತುವುದು ಕಣ್ಣಂಚಿಗೆ ಕಾಣುತ್ತಿತ್ತು. ಕರಮಲ ಘಾಟಿನಲ್ಲಿ ಲಾರಿಯೊಂದರ ಹಿಂದೆ ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾಯಿತು. ಕೈಬ್ರೇಕು ಹಿಡಿದು, ಎಡಗಾಲನ್ನು ಆ ಎಡೆಗೆ ತಂದು, ದನಿ ಇಳಿಯುವುದನ್ನು ಕೇಳಿ ಬಿಟ್ಟೆ. ಕಾರು ಒಂದಂಗುಲವೂ ಹಿಂದೆ ಜಾರಲಿಲ್ಲ. ಮಾವ, "ಪೀಪಾಯಿ ಇದ್ರೂ ಪಾಸಾಗ್ತಿದ್ದೆ" ಎಂದರು. ಕಾಣಕೋಣ ಹತ್ತಿರವಾದಂತೆ ಒತ್ತುವ ಕಾಲು ನಿಧಾನವಾಯಿತು, ಆಮೇಲೆ ನಿಂತಿತು. ಅತ್ತೆ ಹಿಂದಿನಿಂದ ಬಾಗಿ ನೋಡಿ, ರೇಡಿಯೊ ಸಣ್ಣದು ಮಾಡೆಂದು ನನಗೆ ಸನ್ನೆ ಮಾಡಿದರು. ಮಾವನ ತಲೆ ಕಿಟಕಿಗೆ ವಾಲಿತ್ತು. ಕಾರವಾರ ದಾಟಿ ಅಂಕೋಲೆ ಬರುವ ತನಕ ಅವರಿಗೆ ಎಚ್ಚರವಾಗಲಿಲ್ಲ.